3200 ಅಂತ ಬರೆದಿರುವ ರ‍್ಯಾಮ್ 2400ರಲ್ಲಿ ಓಡುತ್ತಿದೆ, ಜೊತೆಗೆ ಹಳೆಯದನ್ನೂ ನಿಧಾನ ಮಾಡಿದೆ

ಹೊಸಚಿಗುರು

ನಮಸ್ಕಾರ. ಎರಡು ದಿನದಿಂದ ಇದೇ ತಲೆಬಿಸಿ, ಯಾರಾದರೂ ದಾರಿ ತೋರಿಸಿ.

ನನ್ನ ಲ್ಯಾಪ್‌ಟಾಪ್‌ನಲ್ಲಿ ರೈಜನ್ 5 5500ಯು ಪ್ರೊಸೆಸರ್ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿನದ್ದೇ ಎಲ್ಲಾ ಕೆಲಸ ಮಾಡಬೇಕು. ಕೊಂಡಾಗ 8 ಜಿಬಿಯ ಒಂದೇ ಸ್ಟಿಕ್ ಇತ್ತು, ಪಕ್ಕದ ಸ್ಲಾಟ್ ಖಾಲಿ. ಟಾಸ್ಕ್ ಮ್ಯಾನೇಜರ್ ತೆಗೆದರೆ ಮೆಮೊರಿ ಸ್ಪೀಡ್ 3200 ಅಂತ ಕಾಣುತ್ತಿತ್ತು.

ಮೊನ್ನೆ ಇನ್ನೊಂದು 8 ಜಿಬಿ ಸ್ಟಿಕ್ ತರಿಸಿ ಹಾಕಿದೆ. ಅದರ ಡಬ್ಬಿಯ ಮೇಲೂ ದೊಡ್ಡದಾಗಿ 3200 ಅಂತಲೇ ಇದೆ. ಆನ್ ಮಾಡಿದೆ, 16 ಜಿಬಿ ಸರಿಯಾಗಿ ತೋರಿಸಿತು. ಆದರೆ ಸ್ಪೀಡ್ 2400! ಅಂದರೆ ಹೊಸದು ಬಂದು ಹಳೆಯದನ್ನೂ ಕೆಳಗೆ ಎಳೆಯಿತು ಅಂತ ತಾನೇ? ಎರಡರ ಮೇಲೂ ಒಂದೇ ಅಂಕಿ ಇರುವಾಗ ಇದು ಹೇಗೆ ಸಾಧ್ಯ?

ಲ್ಯಾಪ್‌ಟಾಪ್ ಆನ್ ಆಗುವಾಗ ಮೊದಲು ಓಡುವ ಬಯಾಸ್ ಒಳಗೆ ಹೋಗಿ ಹುಡುಕಿದೆ. ಮೆಮೊರಿ ಸ್ಪೀಡ್ ಬದಲಿಸುವ ಆಯ್ಕೆಯೇ ಇಲ್ಲ. ದಿನಾಂಕ, ಬೂಟ್ ಆರ್ಡರ್, ಪಾಸ್‌ವರ್ಡ್ ಬಿಟ್ಟರೆ ಇನ್ನೇನೂ ಇಲ್ಲ. ಸ್ಟಿಕ್ ವಾಪಸ್ ಮಾಡಲು ಇನ್ನೂ ಐದು ದಿನ ಇದೆ. ನಕಲಿ ಮಾಲು ಇರಬಹುದಾ?

ಅಂಕಿಲೆಕ್ಕ

ಮೊದಲು ಒಂದು ಸಾಮಾನ್ಯ ಗೊಂದಲ ಪಕ್ಕಕ್ಕೆ ಇಟ್ಟುಬಿಡೋಣ. ಇಂಥ ಪ್ರಶ್ನೆ ಬಂದಾಗ ಹತ್ತರಲ್ಲಿ ಹಲವು ಸಲ ಕಾರಣ ಇದೇ ಆಗಿರುತ್ತದೆ.

ಡಿಡಿಆರ್ ಅಂದರೆ ಡಬಲ್ ಡೇಟಾ ರೇಟ್. ಗಡಿಯಾರ ಒಂದು ಸಲ ಏರಿ ಇಳಿಯುವಷ್ಟರಲ್ಲಿ ಎರಡು ಸಲ ಡೇಟಾ ಸಾಗುತ್ತದೆ. ಹಾಗಾಗಿ 3200 ಅಂತ ಮಾರುವ ಸ್ಟಿಕ್‌ನ ನಿಜವಾದ ಗಡಿಯಾರ 1600 ಮೆಗಾಹರ್ಟ್ಜ್. 3200 ಅನ್ನುವುದು ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಡೇಟಾ ಸಾಗುತ್ತದೆ ಅನ್ನುವ ಲೆಕ್ಕ, ಅದನ್ನು ಮೆಗಾಟ್ರಾನ್ಸ್‌ಫರ್ ಅನ್ನುತ್ತಾರೆ. ಸಿಪಿಯು-ಝಡ್ ಅನ್ನುವ ಪ್ರೋಗ್ರಾಂ ತೋರಿಸುವುದು ಗಡಿಯಾರವನ್ನು. ಟಾಸ್ಕ್ ಮ್ಯಾನೇಜರ್ ತೋರಿಸುವುದು ಎರಡರಷ್ಟನ್ನು. ತುಂಬಾ ವರ್ಷ ಟಾಸ್ಕ್ ಮ್ಯಾನೇಜರ್ ಆ ಎರಡರಷ್ಟರ ಮುಂದೆ ಮೆಗಾಹರ್ಟ್ಜ್ ಅಂತಲೇ ಬರೆಯುತ್ತಿತ್ತು. ವಿಂಡೋಸ್ 11ರಲ್ಲಿ 2024ರಲ್ಲಿ ಅದನ್ನು ತಿದ್ದಿದರು.

ಆದರೆ ನಿಮ್ಮದು ಇದಲ್ಲ. ನೀವು ಎರಡೂ ಸಲ ನೋಡಿದ್ದು ಟಾಸ್ಕ್ ಮ್ಯಾನೇಜರ್‌ನಲ್ಲೇ. 3200 ಇದ್ದದ್ದು 2400 ಆಗಿದೆ ಅಂದರೆ ನಿಜವಾಗಿಯೂ ಇಳಿದಿದೆ. ಒಮ್ಮೆ ಸಿಪಿಯು-ಝಡ್‌ನ ಮೆಮೊರಿ ಪುಟ ನೋಡಿ. 1200ರ ಆಸುಪಾಸು ಬಂದರೆ ಖಚಿತ.

ಪೆಂಗ್ವಿನ್‌ಗೆಳತಿ

ನನಗೂ ಹೀಗೇ ಆಗಿತ್ತು. ನನ್ನದು ಹಳೆಯ ಲ್ಯಾಪ್‌ಟಾಪ್, ಕೋರ್ ಐ5-8250ಯು. ಮೂಲ ಸ್ಟಿಕ್ ಕೆಟ್ಟಾಗ 3200ರ ಸ್ಟಿಕ್ ತಂದೆ. 2400ರಲ್ಲೇ ಓಡುತ್ತದೆ. ಲಿನಕ್ಸ್‌ನಲ್ಲಿ ಡಿಎಂಐಡೀಕೋಡ್ ಅನ್ನುವ ಕಮಾಂಡ್ ಕೊಟ್ಟು ನೋಡಿದರೆ ಎರಡು ಸಾಲು ಬರುತ್ತವೆ. ‘ಸ್ಪೀಡ್’ ಅನ್ನುವ ಸಾಲು ಸ್ಟಿಕ್ ಎಷ್ಟು ಓಡಬಲ್ಲದು ಅಂತ ಹೇಳುತ್ತದೆ. ‘ಕಾನ್ಫಿಗರ್ಡ್ ಮೆಮೊರಿ ಸ್ಪೀಡ್’ ಅನ್ನುವ ಸಾಲು ಈಗ ಎಷ್ಟರಲ್ಲಿ ಓಡುತ್ತಿದೆ ಅಂತ. ನನ್ನದರಲ್ಲಿ ಮೇಲಿನ ಸಾಲು 3200, ಕೆಳಗಿನದು 2400.

ಆಗ ನನಗೂ ಮೋಸ ಹೋದೆ ಅನ್ನಿಸಿತ್ತು. ಆಮೇಲೆ ಇಂಟೆಲ್‌ನ ಪುಟದಲ್ಲಿ ಆ ಪ್ರೊಸೆಸರ್‌ನ ವಿವರ ಓದಿದೆ. ಡಿಡಿಆರ್4-2400 ಅಂತ ಸ್ಪಷ್ಟವಾಗಿ ಬರೆದಿದೆ. ರ‍್ಯಾಮ್ ಅನ್ನು ನಡೆಸುವ ಮೆಮೊರಿ ಕಂಟ್ರೋಲರ್ ಈಗ ಪ್ರೊಸೆಸರ್ ಒಳಗೇ ಇರುತ್ತದೆ, ಅದು ಎಷ್ಟಕ್ಕೆ ಒಪ್ಪುತ್ತದೋ ಅಷ್ಟೇ. ಸ್ಟಿಕ್ ಸುಮ್ನೆ ಕೆಳಗಿಳಿದು ಹೊಂದಿಕೊಳ್ಳುತ್ತದೆ. ನಿಮ್ಮದೂ ಇದೇ ಇರಬೇಕು. ಹಾಗಿದ್ದರೆ ವಾಪಸ್ ಮಾಡಿ ಪ್ರಯೋಜನ ಇಲ್ಲ, ಯಾವುದು ಹಾಕಿದರೂ ಅಷ್ಟೇ.

ಸ್ಕ್ರೂಡ್ರೈವರ್

ಗೆಳತಿ ಹೇಳಿದ್ದು ಅವರ ಯಂತ್ರಕ್ಕೆ ನೂರಕ್ಕೆ ನೂರು ಸರಿ. ಇಲ್ಲಿಗೆ ಹೊಂದುವುದಿಲ್ಲ. ರೈಜನ್ 5 5500ಯು ಡಿಡಿಆರ್4-3200ಕ್ಕೆ ಒಪ್ಪುವ ಪ್ರೊಸೆಸರ್. ಅಷ್ಟೇ ಅಲ್ಲ, ಹಳೆಯ ಸ್ಟಿಕ್ ಒಂದೇ ಇದ್ದಾಗ 3200ರಲ್ಲಿ ಓಡಿದೆ ಅಂತ ಇವರೇ ಹೇಳಿದ್ದಾರೆ. ಅಂದಮೇಲೆ ಪ್ರೊಸೆಸರ್‌ನ ಮಿತಿ ಇದಲ್ಲ.

ಆದರೂ ಮಿತಿಯ ವಿಷಯ ಬಂತಲ್ಲ, ಮುಂದೆ ಓದುವವರಿಗೆ ಇರಲಿ ಅಂತ ಬರೆಯುತ್ತೇನೆ. ಐ5-7200ಯು ಡಿಡಿಆರ್4ನಲ್ಲಿ 2133ಕ್ಕೆ ನಿಲ್ಲುತ್ತದೆ. ರೈಜನ್ 5 3500ಯು 2400. ಐ7-8750ಎಚ್, ಐ5-9300ಎಚ್, ಐ5-10210ಯು ಮೂರೂ 2666. ಐ7-10750ಎಚ್ 2933. ಇಂಟೆಲ್‌ನ 11ನೇ ತಲೆಮಾರಿನ ಐ5-1135ಜಿ7 3200. ಡಿಡಿಆರ್5ನಲ್ಲೂ ಇದೇ ಕಥೆ: ಐ7-12700ಎಚ್ 4800, ಐ7-13700ಎಚ್ 5200, ರೈಜನ್ 7 7840ಎಚ್‌ಎಸ್ 5600. ಹೆಸರು ನೋಡಿ ಊಹಿಸಲು ಹೋಗಬೇಡಿ. ಐ9-13900ಎಚ್‌ಎಕ್ಸ್ 5600ಕ್ಕೆ ಒಪ್ಪುತ್ತದೆ. ಅದೇ ಸಾಲಿನ ಐ7-13650ಎಚ್‌ಎಕ್ಸ್ 4800ಕ್ಕೇ ನಿಲ್ಲುತ್ತದೆ. ತಯಾರಕರು ಲ್ಯಾಪ್‌ಟಾಪ್ ಜೋಡಿಸುವಾಗ ಆಗ ಸುಲಭವಾಗಿ ಸಿಗುವ ಸ್ಟಿಕ್ ಹಾಕುತ್ತಾರೆ. ಹಾಗಾಗಿ 2933ರ ಪ್ರೊಸೆಸರ್ ಜೊತೆ 3200ರ ಸ್ಟಿಕ್ ಫ್ಯಾಕ್ಟರಿಯಿಂದಲೇ ಬಂದಿರುವುದು ಸಾಮಾನ್ಯ. ವಿವರಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ, ಯಾರೂ ಓದುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಎರಡು ಸ್ಟಿಕ್ ಇದ್ದಾಗ ಎರಡಕ್ಕೂ ಒಪ್ಪುವ ವೇಗವನ್ನೇ ಬಯಾಸ್ ಆರಿಸುತ್ತದೆ. ಜೋಡಿ ಎತ್ತಿನ ಗಾಡಿ ಇದ್ದ ಹಾಗೆ, ಹಿಂದೆ ಬೀಳುವ ಎತ್ತಿನ ಹೆಜ್ಜೆಗೇ ಇನ್ನೊಂದೂ ಹೆಜ್ಜೆ ಹಾಕಬೇಕು. ಯಾವ ಎತ್ತು ಹಿಂದೆ ಬೀಳುತ್ತಿದೆ ಅಂತ ನೋಡಬೇಕು.

ಹೀಗೆ ಮಾಡಿ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಕೆಳಗಿನ ಮುಚ್ಚಳ ಬಿಚ್ಚಿದ ತಕ್ಷಣ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಹಳೆಯ ಸ್ಟಿಕ್ ತೆಗೆದು ಹೊಸದು ಒಂದನ್ನೇ ಹಾಕಿ ಆನ್ ಮಾಡಿ. ಎಷ್ಟು ತೋರಿಸುತ್ತದೆ ಬರೆಯಿರಿ. ಹಾಗೆಯೇ ಎರಡೂ ಸ್ಟಿಕ್‌ಗಳ ಚೀಟಿಯ ಮೇಲೆ ಇರುವ ಪ್ರತಿ ಅಕ್ಷರವನ್ನೂ ಬರೆಯಿರಿ. ‘3200’ ಒಂದೇ ಸಾಲದು.

ಹೊಸಚಿಗುರು

ಮಾಡಿದೆ. ಮೊದಲ ಸಲ ಲ್ಯಾಪ್‌ಟಾಪ್ ಬಿಚ್ಚಿದ್ದಕ್ಕಿಂತ ಈ ಸಲ ಧೈರ್ಯ ಜಾಸ್ತಿ ಇತ್ತು.

ಹೊಸದು ಒಂದೇ ಇದ್ದಾಗಲೂ 2400. ಹಳೆಯದು ಒಂದೇ ಹಾಕಿದರೆ ಮತ್ತೆ 3200. ಸ್ಲಾಟ್ ಅದಲು ಬದಲು ಮಾಡಿದೆ, ಫಲಿತಾಂಶ ಅದೇ. ಸಿಪಿಯು-ಝಡ್‌ನಲ್ಲಿ ಹೊಸದಕ್ಕೆ 1197, ಹಳೆಯದಕ್ಕೆ 1596 ಬರುತ್ತದೆ.

ಚೀಟಿಗಳು: ಹಳೆಯದರ ಮೇಲೆ ‘8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಎಸ್‌ಎ2-11’ ಅಂತಿದೆ. ಹೊಸದರ ಮೇಲೆ ‘ಡಿಡಿಆರ್4-3200 ಸಿಎಲ್16-18-18-36 1.35ವಿ’ ಅಂತಿದೆ. ಜೊತೆಗೆ ಶಾಖ ಹರಡಲು ಕಪ್ಪು ಬಣ್ಣದ ತೆಳು ಹೀಟ್‌ಶೀಟ್ ಅಂಟಿಸಿದ್ದಾರೆ.

ಸ್ಕ್ರೂಡ್ರೈವರ್

ಸಿಕ್ಕಿತು. ‘1.35ವಿ’ ಅನ್ನುವ ಆ ಪುಟ್ಟ ಅಂಕಿಯಲ್ಲೇ ಉತ್ತರ ಇದೆ. ಸ್ಟಿಕ್ ನಕಲಿ ಅಲ್ಲ, ಕೆಟ್ಟದ್ದೂ ಅಲ್ಲ. ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಸರಿಯಾದ ಸ್ಟಿಕ್ ಅಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರತಿ ರ‍್ಯಾಮ್ ಸ್ಟಿಕ್‌ನ ಮೇಲೂ ಮೆಮೊರಿ ಚಿಪ್‌ಗಳ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಇನ್ನೊಂದು ಚಿಪ್ ಇರುತ್ತದೆ. ಅದನ್ನು ಎಸ್‌ಪಿಡಿ ಅನ್ನುತ್ತಾರೆ. ಡಿಡಿಆರ್4ನಲ್ಲಿ ಅದರ ಗಾತ್ರ ಬರೀ 512 ಬೈಟ್. ಆ ಸ್ಟಿಕ್‌ನ ಜಾತಕ ಪೂರ್ತಿ ಅದರಲ್ಲಿ ಬರೆದಿರುತ್ತದೆ: ಎಷ್ಟು ಜಿಬಿ, ಯಾವ ವೇಗ, ಯಾವ ಟೈಮಿಂಗ್ (ಡೇಟಾ ಕೊಡಲು ಎಷ್ಟು ಕಾಯಿಸುತ್ತದೆ ಅನ್ನುವುದು, ಸಿಎಲ್ ಅದರಲ್ಲೊಂದು), ಎಷ್ಟು ವೋಲ್ಟ್. ಆನ್ ಮಾಡಿದ ಕೂಡಲೇ ಬಯಾಸ್ ಮೊದಲು ಓದುವುದು ಅದನ್ನೇ. ಡಬ್ಬಿಯ ಮೇಲೆ ಏನು ಅಚ್ಚಾಗಿದೆ ಅಂತ ಬಯಾಸ್‌ಗೆ ಗೊತ್ತಾಗುವುದಿಲ್ಲ ಅಲ್ವಾ.

ಈ ಜಾತಕದಲ್ಲಿ ಎರಡು ಭಾಗ ಇರಬಹುದು. ಮೊದಲ ಭಾಗ ಜೆಡೆಕ್ ಅನ್ನುವ ಸಂಸ್ಥೆಯ ನಿಯಮದ ಪ್ರಕಾರ ಇರುತ್ತದೆ. ಡಿಡಿಆರ್4ಗೆ ಅವರು ಇಟ್ಟಿರುವ ಮೆಟ್ಟಿಲುಗಳಲ್ಲಿ ನಮಗೆ ಸಿಗುವುದು 2133, 2400, 2666, 2933, 3200. ಎಲ್ಲವೂ 1.2 ವೋಲ್ಟ್‌ನಲ್ಲಿ. ಎರಡನೆಯ ಭಾಗ ಎಕ್ಸ್‌ಎಂಪಿ. ಇಂಟೆಲ್ 2007ರಲ್ಲಿ ಡಿಡಿಆರ್3 ಕಾಲದಲ್ಲಿ ತಂದದ್ದು. ಅದರಲ್ಲಿ ತಯಾರಕರು ನಿಯಮ ಮೀರಿದ ವೇಗ, ಬಿಗಿಯಾದ ಟೈಮಿಂಗ್, ಹೆಚ್ಚಿನ ವೋಲ್ಟ್ ಬರೆದಿಡಬಹುದು. ಅಂದರೆ ಅದು ಓವರ್‌ಕ್ಲಾಕ್. ಬಳಸುವವರು ಬಯಾಸ್‌ನಲ್ಲಿ ಹೋಗಿ ಅದನ್ನು ಆನ್ ಮಾಡಬೇಕು. ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಆ ಆಯ್ಕೆ ಸಾಮಾನ್ಯ. ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ದುಬಾರಿ ಗೇಮಿಂಗ್ ಮಾದರಿ ಬಿಟ್ಟರೆ ಇಲ್ಲವೇ ಇಲ್ಲ ಅನ್ನಬಹುದು. ಬಹಳಷ್ಟು ಲ್ಯಾಪ್‌ಟಾಪ್ ಬೋರ್ಡ್‌ಗಳು ರ‍್ಯಾಮ್‌ಗೆ 1.2 ವೋಲ್ಟ್ ಬಿಟ್ಟು ಬೇರೆ ಕೊಡುವುದೂ ಇಲ್ಲ.

ನಿಮ್ಮ ಹಳೆಯ ಸ್ಟಿಕ್‌ನ ಮೊದಲ ಭಾಗದಲ್ಲೇ 3200 ಇದೆ. ಚೀಟಿಯ ‘3200ಎಎ’ ಅದನ್ನೇ ಹೇಳುವುದು. ಹೊಸದರ 3200 ಎಕ್ಸ್‌ಎಂಪಿ ಭಾಗದಲ್ಲಿದೆ, ಮೊದಲ ಭಾಗ 2400ಕ್ಕೆ ಮುಗಿದಿರಬೇಕು. ನಿಮ್ಮ ಬಯಾಸ್ ಎರಡನೆಯ ಭಾಗವನ್ನು ನೋಡುವುದೇ ಇಲ್ಲ.

ಊಹೆ ಬೇಡ, ಕಣ್ಣಾರೆ ನೋಡಿ. ಸಿಪಿಯು-ಝಡ್‌ನಲ್ಲಿ ಎಸ್‌ಪಿಡಿ ಅನ್ನುವ ಪುಟಕ್ಕೆ ಹೋಗಿ, ಮೇಲೆ ಎಡಗಡೆ ಹೊಸ ಸ್ಟಿಕ್ ಇರುವ ಸ್ಲಾಟ್ ಆರಿಸಿ. ಕೆಳಗೆ ಒಂದು ಕೋಷ್ಟಕ ಬರುತ್ತದೆ. ಅದರಲ್ಲಿ ಏನಿದೆ ಹೇಳಿ.

ಹೊಸಚಿಗುರು

ನೀವು ಹೇಳಿದ ಹಾಗೇ ಇದೆ! ಹೊಸ ಸ್ಟಿಕ್‌ಗೆ ನಾಲ್ಕು ಕಂಬ ಕಾಣುತ್ತವೆ. ಮೊದಲ ಮೂರರ ತಲೆಯ ಮೇಲೆ ಜೆಡೆಕ್ ಅಂತಿದೆ. ಅವುಗಳಲ್ಲಿ ಅತಿ ಹೆಚ್ಚು 1200 ಮೆಗಾಹರ್ಟ್ಜ್, ಸಿಎಲ್ 17, 1.20 ವೋಲ್ಟ್. ನಾಲ್ಕನೆಯ ಕಂಬದ ಮೇಲೆ ಎಕ್ಸ್‌ಎಂಪಿ-3200, ಅದರಲ್ಲಿ 1600 ಮೆಗಾಹರ್ಟ್ಜ್, ಸಿಎಲ್ 16, 1.35 ವೋಲ್ಟ್. ಹಳೆಯ ಸ್ಟಿಕ್ ಆರಿಸಿದರೆ ಎಕ್ಸ್‌ಎಂಪಿ ಅನ್ನುವ ಕಂಬವೇ ಇಲ್ಲ, ಜೆಡೆಕ್ ಕಂಬದಲ್ಲೇ 1600 ಇದೆ, ಸಿಎಲ್ 22.

ಎರಡು ದಿನ ಸಿಗದ ಉತ್ತರ ಒಂದು ಪುಟದಲ್ಲಿ ಕೂತಿತ್ತು. ನನಗೆ ಬೇಸರ ಆಗಿದ್ದು ಒಂದೇ. ಮಾರುವವರ ಪುಟದಲ್ಲಿ ‘ಲ್ಯಾಪ್‌ಟಾಪ್ ರ‍್ಯಾಮ್, 3200’ ಅಂತ ಮಾತ್ರ ಇತ್ತು. ಎಕ್ಸ್‌ಎಂಪಿ ಬೇಕು ಅನ್ನುವ ಮಾತು ಎಲ್ಲೂ ಇರಲಿಲ್ಲ. ಲ್ಯಾಪ್‌ಟಾಪ್ ಅಂತಲೇ ಮಾರಿ, ಲ್ಯಾಪ್‌ಟಾಪ್‌ನಲ್ಲಿ ಇಲ್ಲದ ಆಯ್ಕೆ ಬೇಕು ಅಂದರೆ ನ್ಯಾಯವಾ?

ಮೋಡಕಣ್ಣು

ವಾಪಸ್ ಮಾಡುವ ಮುಂಚೆ ಒಂದು ದಾರಿ ಇದೆ. ಎಸ್‌ಪಿಡಿಯನ್ನೇ ತಿದ್ದುವ ಪ್ರೋಗ್ರಾಂಗಳಿವೆ. ಎಕ್ಸ್‌ಎಂಪಿ ಕಂಬದ ಅಂಕಿಗಳನ್ನು ಜೆಡೆಕ್ ಭಾಗಕ್ಕೆ ಬರೆದುಬಿಟ್ಟರೆ ಬಯಾಸ್ ಅದನ್ನೇ ನಂಬುತ್ತದೆ. ಹಾಗೆ ಮಾಡಿ ಗೆದ್ದವರನ್ನು ನೋಡಿದ್ದೇನೆ. ಬಯಾಸ್‌ನ ಅಡಗಿಸಿಟ್ಟ ಪುಟಗಳನ್ನು ತೆರೆಯುವ ವಿಧಾನವೂ ಇದೆ.

ಬೆಸುಗೆ

ದಯವಿಟ್ಟು ಬೇಡ. ಇದನ್ನು ನಾನು ಮಾಡಿ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನನ್ನದೂ 1.35 ವೋಲ್ಟ್‌ನ ಸ್ಟಿಕ್ ಆಗಿತ್ತು. ಜೆಡೆಕ್ ಭಾಗಕ್ಕೆ 3200, ಸಿಎಲ್ 16 ಬರೆದೆ. ಲ್ಯಾಪ್‌ಟಾಪ್ 1.2 ವೋಲ್ಟ್ ಮಾತ್ರ ಕೊಡುತ್ತದೆ ಅನ್ನುವುದನ್ನು ಯೋಚಿಸಲೇ ಇಲ್ಲ. ಮೊದಲು ಆನ್ ಆಯಿತು, 3200 ತೋರಿಸಿತು, ಖುಷಿಪಟ್ಟೆ. ಮೂರನೆಯ ದಿನದಿಂದ ದೊಡ್ಡ ಫೈಲ್‌ಗಳನ್ನು ಜಿಪ್ ಮಾಡಿದರೆ ತೆರೆಯುವಾಗ ತಪ್ಪು ಬರತೊಡಗಿತು. ನಾನು ಎಸ್‌ಎಸ್‌ಡಿ ಕೆಟ್ಟಿದೆ ಅಂದುಕೊಂಡು ಒಂದು ವಾರ ಅದರ ಹಿಂದೆ ಬಿದ್ದೆ. ಕೊನೆಗೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ರಾತ್ರಿ ಇಡೀ ಓಡಿಸಿದಾಗ ಪರದೆ ತುಂಬಾ ಕೆಂಪು ಸಾಲುಗಳು. ರ‍್ಯಾಮ್ ತಪ್ಪು ಮಾಡಿದರೆ ಅದು ಸುಮ್ಮನೆ ಕ್ರ್ಯಾಶ್ ಆಗಿ ನಿಲ್ಲುವುದಿಲ್ಲ. ಫೋಟೋ, ಲೆಕ್ಕದ ಫೈಲ್, ಯಾವುದರಲ್ಲಿ ಬೇಕಾದರೂ ಒಂದು ಬಿಟ್ ತಿರುಗಿ ಹಾಗೇ ಡಿಸ್ಕ್‌ಗೆ ಸೇವ್ ಆಗಿಬಿಡುತ್ತದೆ. ನನ್ನ ಕೆಲವು ಹಳೆಯ ಫೋಟೋಗಳ ಅರ್ಧ ಭಾಗ ಈಗಲೂ ಬೂದು ಬಣ್ಣ.

ಹಳೆಯ ಎಸ್‌ಪಿಡಿ ವಾಪಸ್ ಬರೆಯಲು ಹೋದಾಗ ನಡುವೆ ನಿಂತುಹೋಯಿತು. ಆಮೇಲೆ ಆ ಸ್ಟಿಕ್ ಹಾಕಿದರೆ ಲ್ಯಾಪ್‌ಟಾಪ್ ಎದ್ದೇಳಲೇ ಇಲ್ಲ. ನಿಮಗೆ ವಾಪಸ್ ಮಾಡುವ ಅವಕಾಶ ಇನ್ನೂ ಇದೆ. ಅದನ್ನು ಕೈಬಿಡಬೇಡಿ.

ಮೋಡಕಣ್ಣು

ವೋಲ್ಟ್ ವಿಷಯ ನಾನು ಗಮನಿಸಿರಲಿಲ್ಲ. ಸರಿ, ನನ್ನ ಸಲಹೆ ವಾಪಸ್ ತೆಗೆದುಕೊಳ್ಳುತ್ತೇನೆ.

ಅಂಕಿಲೆಕ್ಕ

ಬದಲಾಯಿಸುವುದೇ ಸರಿ. ಆದರೆ ಅಲ್ಲಿಯವರೆಗೆ ಈ ಸ್ಟಿಕ್ ತೆಗೆದಿಡಬೇಡಿ. ‘ಹಳೆಯದನ್ನೂ ನಿಧಾನ ಮಾಡಿತು’ ಅಂತ ನೀವು ಬರೆದಿದ್ದು ನೋಡಿ ಈ ಲೆಕ್ಕ ಹಾಕಿದೆ.

ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಇರುವ ದಾರಿಗೆ ಚಾನೆಲ್ ಅನ್ನುತ್ತಾರೆ. ಒಂದು ಚಾನೆಲ್ ಒಂದು ಸಲಕ್ಕೆ 64 ಬಿಟ್, ಅಂದರೆ 8 ಬೈಟ್ ಸಾಗಿಸುತ್ತದೆ. ಹಳೆಯ ಸ್ಟಿಕ್ ಒಂದೇ ಇದ್ದಾಗ: 3200 ಇಂಟು 8, ಸೆಕೆಂಡಿಗೆ 25.6 ಜಿಬಿ. ಚೀಟಿಗಳ ಮೇಲೆ ಪಿಸಿ4-25600 ಅಂತ ಬರೆಯುತ್ತಾರಲ್ಲ, ಅದು ಇದೇ ಅಂಕಿ. ಈಗ ಎರಡು ಸ್ಟಿಕ್ ಇವೆ, ಎರಡು ಚಾನೆಲ್: 2400 ಇಂಟು 8 ಇಂಟು 2, ಸೆಕೆಂಡಿಗೆ 38.4 ಜಿಬಿ. ಸ್ಪೀಡ್‌ನ ಅಂಕಿ ಇಳಿದಿದೆ, ಆದರೆ ದಾರಿ ಒಂದೂವರೆ ಪಟ್ಟು ಅಗಲ ಆಗಿದೆ. ಎರಡೂ 3200ರಲ್ಲಿ ಓಡಿದರೆ 51.2. ಇವೆಲ್ಲ ಕಾಗದದ ಮೇಲಿನ ಗರಿಷ್ಠ, ನಿಜದಲ್ಲಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ಆದರೆ ಒಂದಕ್ಕೊಂದು ಹೋಲಿಸಲು ಸಾಕು.

ನಿಮಗೆ ಇದು ಯಾಕೆ ಮುಖ್ಯ ಅಂದರೆ, ಬೇರೆ ಗ್ರಾಫಿಕ್ಸ್ ಕಾರ್ಡ್‌ಗೆ ಅದರದ್ದೇ ಮೆಮೊರಿ ಇರುತ್ತದೆ. ನಿಮ್ಮ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ. ಅದೂ, ಪ್ರೊಸೆಸರ್‌ನ ಆರು ಕೋರ್‌ಗಳೂ ಇದೇ ರ‍್ಯಾಮ್‌ನಿಂದ ಹಂಚಿಕೊಂಡು ತಿನ್ನಬೇಕು. ಗೇಮ್ ಆಡುವಾಗ ಒಂದೇ ಸ್ಟಿಕ್ ಇದ್ದರೆ ಗ್ರಾಫಿಕ್ಸ್ ಕಾಯುತ್ತಾ ಕೂರುತ್ತದೆ.

ಟೈಮಿಂಗ್ ಬಗ್ಗೆ ಒಂದು ಮಾತು. ಸಿಎಲ್ 17ರಿಂದ ಸಿಎಲ್ 22ಕ್ಕೆ ಹೋದರೆ ನಿಧಾನ ಆಗುತ್ತದೆ ಅಂತ ಹಲವರು ಹೆದರುತ್ತಾರೆ. ಸಿಎಲ್ ಅನ್ನುವುದು ಗಡಿಯಾರದ ಎಷ್ಟು ಸುತ್ತು ಕಾಯಬೇಕು ಅನ್ನುವ ಲೆಕ್ಕ. ಸುತ್ತೇ ಚಿಕ್ಕದಾದರೆ ಸಂಖ್ಯೆ ಏರಿದರೂ ಸಮಯ ಏರುವುದಿಲ್ಲ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ, ನ್ಯಾನೋಸೆಕೆಂಡ್ ಬರುತ್ತದೆ. 2400 ಸಿಎಲ್ 17 ಅಂದರೆ 14.17. 3200 ಸಿಎಲ್ 22 ಅಂದರೆ 13.75. ಹೆಚ್ಚುಕಡಿಮೆ ಒಂದೇ, ತುಸು ಒಳ್ಳೆಯದೇ.

ನೀಲಿಪರದೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಐ7-13700ಎಚ್, 5600ರ ಡಿಡಿಆರ್5 ಸ್ಟಿಕ್ ಎರಡು. 5200 ಯಾಕೆ ಅಂತ ಮೇಲಿನ ಪಟ್ಟಿ ನೋಡಿ ಗೊತ್ತಾಯಿತು. ಆದರೆ ಇನ್ನೊಂದು ವಿಚಿತ್ರ ಇದೆ. ಚಾರ್ಜರ್ ತೆಗೆದು ಸುಮ್ನೆ ಬಿಟ್ಟರೆ ಎಚ್‌ಡಬ್ಲ್ಯುಇನ್ಫೋ ಅನ್ನುವ ಪ್ರೋಗ್ರಾಂನಲ್ಲಿ ಮೆಮೊರಿ ಗಡಿಯಾರ 2600ರಿಂದ 1000ದ ಹತ್ತಿರಕ್ಕೆ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್ ಮಾತ್ರ 5200 ಅಂತಲೇ ಹೇಳುತ್ತಿದೆ. ಯಾವುದನ್ನು ನಂಬಬೇಕು?

ಸ್ಕ್ರೂಡ್ರೈವರ್

ಎರಡನ್ನೂ ನಂಬಿ. ಟಾಸ್ಕ್ ಮ್ಯಾನೇಜರ್ ಬೂಟ್ ಆಗುವಾಗ ಬಯಾಸ್ ಬರೆದಿಟ್ಟ ಅಂಕಿಯನ್ನು ಓದಿ ತೋರಿಸುತ್ತದೆ, ಅದು ಬದಲಾಗುವುದಿಲ್ಲ. ಎಚ್‌ಡಬ್ಲ್ಯುಇನ್ಫೋ ಆ ಕ್ಷಣದ ಗಡಿಯಾರ ತೋರಿಸುತ್ತದೆ. ಇಂಟೆಲ್‌ನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಎಸ್‌ಎಜಿವಿ ಅನ್ನುವ ಏರ್ಪಾಡು ಇದೆ. ಕೆಲಸ ಇಲ್ಲದಾಗ ಮೆಮೊರಿಯ ಗಡಿಯಾರ ಮತ್ತು ಕಂಟ್ರೋಲರ್‌ನ ವೋಲ್ಟ್ ಎರಡನ್ನೂ ಇಳಿಸಿ ಬ್ಯಾಟರಿ ಉಳಿಸುತ್ತದೆ. ಒಂದು ದೊಡ್ಡ ಫೈಲ್ ಅನ್‌ಜಿಪ್ ಮಾಡುತ್ತಾ ಎಚ್‌ಡಬ್ಲ್ಯುಇನ್ಫೋ ನೋಡುತ್ತಿರಿ, ತಟ್ಟನೆ 2600ಕ್ಕೆ ಏರುತ್ತದೆ. ಏರಿದರೆ ಎಲ್ಲಾ ಸರಿ ಇದೆ ಅಂತಲೇ ಅರ್ಥ. ಕೆಲಸ ಕೊಟ್ಟರೂ, ಚಾರ್ಜರ್ ಹಾಕಿದರೂ ಏರದಿದ್ದರೆ ಆಗ ಬಯಾಸ್ ಅಪ್‌ಡೇಟ್, ಪವರ್ ಸೆಟ್ಟಿಂಗ್ ನೋಡಬೇಕು.

ನೀಲಿಪರದೆ

ಏರಿತು. ನೆಮ್ಮದಿ ಆಯಿತು, ಧನ್ಯವಾದ.

ಪೆಂಗ್ವಿನ್‌ಗೆಳತಿ

ನಾನು ಮೊದಲೇ ‘ವಾಪಸ್ ಮಾಡಿ ಪ್ರಯೋಜನ ಇಲ್ಲ’ ಅಂದುಬಿಟ್ಟಿದ್ದೆ. ಹೊಸಚಿಗುರು, ಆ ಮಾತು ಕೇಳಿ ನೀವು ಸುಮ್ಮನಾಗಿದ್ದರೆ ನನಗೆ ತುಂಬಾ ಬೇಜಾರಾಗುತ್ತಿತ್ತು.

ಒಂದು ಪ್ರಶ್ನೆ. ಇವರು ಈಗ ಕೊಳ್ಳುವಾಗ ಏನು ನೋಡಬೇಕು? ಹೀಟ್‌ಶೀಟ್ ಇದ್ದರೆ ಎಕ್ಸ್‌ಎಂಪಿ, ಇಲ್ಲದಿದ್ದರೆ ಜೆಡೆಕ್ ಅಂತ ಹೇಳಬಹುದಾ?

ಸ್ಕ್ರೂಡ್ರೈವರ್

ಹಾಗೆ ಹೇಳಲಾಗದು. ಕಿಂಗ್‌ಸ್ಟನ್‌ನ ಫ್ಯೂರಿ ಇಂಪ್ಯಾಕ್ಟ್ ಸಾಲಿನಲ್ಲಿ ಪ್ಲಗ್ ಎನ್ ಪ್ಲೇ ಅಂತ ಬರೆದಿರುವ ಸ್ಟಿಕ್‌ಗಳಿವೆ. ಅವುಗಳಲ್ಲಿ ಹೆಚ್ಚಿನ ವೇಗವನ್ನು ಎಸ್‌ಪಿಡಿಯ ಮೊದಲ ಭಾಗದಲ್ಲೇ 1.2 ವೋಲ್ಟ್‌ಗೆ ಬರೆದಿರುತ್ತಾರೆ, ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ತಾವಾಗೇ ಓಡುತ್ತವೆ. ನೋಡಬೇಕಾದದ್ದು ವೋಲ್ಟ್ ಮತ್ತು ಸಿಎಲ್. 3200 ಜೊತೆ 1.2 ವೋಲ್ಟ್, ಸಿಎಲ್ 22 ಅಂತಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. 1.35 ವೋಲ್ಟ್, ಸಿಎಲ್ 16 ಅಂತಿದ್ದರೆ ಅದು ಎಕ್ಸ್‌ಎಂಪಿಯನ್ನು ನಂಬಿಕೊಂಡಿರುವ ಸ್ಟಿಕ್. ವಿವರಪಟ್ಟಿಯಲ್ಲಿ ವೋಲ್ಟ್ ಬರೆದೇ ಇಲ್ಲ ಅಂದರೆ ಮಾದರಿ ಸಂಖ್ಯೆ ಹಿಡಿದು ತಯಾರಕರ ಪುಟದಲ್ಲಿ ಹುಡುಕಿ. ಅಲ್ಲೂ ಇಲ್ಲ ಅಂದರೆ ಆ ಸ್ಟಿಕ್ ಬಿಟ್ಟು ಬೇರೆ ನೋಡಿ.

ಚೀಟಿಯ ಅಕ್ಷರಗಳೂ ಸುಳಿವು ಕೊಡುತ್ತವೆ. 2400ರ ಮುಂದೆ ಟಿ, 2666ರ ಮುಂದೆ ವಿ, 2933ರ ಮುಂದೆ ವೈ, 3200ರ ಮುಂದೆ ಎಎ. ಇವು ಜೆಡೆಕ್‌ನ ಗುರುತುಗಳು.

ಇನ್ನೊಂದು, ಸ್ಟಿಕ್ ಆರಿಸುವಾಗ 1ಆರ್‌ಎಕ್ಸ್8 ಇರುವುದನ್ನೇ ನೋಡಿ. ಎಕ್ಸ್ ಮುಂದಿನ ಅಂಕಿ ಒಂದು ಚಿಪ್ ಒಂದು ಸಲಕ್ಕೆ ಎಷ್ಟು ಬಿಟ್ ಕೊಡುತ್ತದೆ ಅನ್ನುವುದು. 8 ಜಿಬಿಯಲ್ಲಿ 1ಆರ್‌ಎಕ್ಸ್16 ಸ್ಟಿಕ್‌ಗಳು ಬಹಳ ಬರುತ್ತಿವೆ. ಸ್ಟಿಕ್‌ನ ಮೇಲೆ ಎಂಟು ಚಿಪ್ ಬದಲು ನಾಲ್ಕೇ ಇರುತ್ತವೆ. ಟಾಸ್ಕ್ ಮ್ಯಾನೇಜರ್ ಎರಡಕ್ಕೂ 3200 ಅಂತಲೇ ತೋರಿಸುತ್ತದೆ. ಆದರೆ ಡಿಡಿಆರ್4ನಲ್ಲಿ ಎಕ್ಸ್8 ಚಿಪ್‌ಗೆ ನಾಲ್ಕು ಬ್ಯಾಂಕ್ ಗ್ರೂಪ್ (ಚಿಪ್ ಒಳಗಿನ ಮೆಮೊರಿಯ ಗುಂಪುಗಳು), ಎಕ್ಸ್16 ಚಿಪ್‌ಗೆ ಎರಡೇ. ಒಂದು ಗುಂಪು ಕೆಲಸದಲ್ಲಿರುವಾಗ ಇನ್ನೊಂದರ ಕಡೆ ತಿರುಗುವ ಅವಕಾಶ ಕಡಿಮೆ, ಹಾಗಾಗಿ ಅಂಕಿ ಅದೇ ಇದ್ದರೂ ಕೆಲಸ ಸ್ವಲ್ಪ ಹಿಂದೆ ಬೀಳುತ್ತದೆ. ಯಾವ ಪ್ರೋಗ್ರಾಂನಲ್ಲೂ ಕೆಂಪು ಬಣ್ಣದಲ್ಲಿ ಎಚ್ಚರಿಸದ ನಿಧಾನ ಇದು. ನನಗೆ ಕೇಳಿದರೆ 3200, 2933 ಅಂತ ತಲೆಕೆಡಿಸಿಕೊಳ್ಳುವುದಕ್ಕಿಂತ ಇದನ್ನು ನೋಡುವುದು ಮುಖ್ಯ.

ಹೊಸಚಿಗುರು

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಬದಲಾಯಿಸಿ ಕೊಟ್ಟರು. ಮೊದಲು ‘ಸ್ಟಿಕ್ ಸರಿಯಾಗಿಯೇ ಇದೆ, ನಿಮ್ಮ ಲ್ಯಾಪ್‌ಟಾಪ್‌ನದ್ದೇ ತೊಂದರೆ’ ಅಂದರು. ಎಸ್‌ಪಿಡಿ ಪುಟದ ಚಿತ್ರ ಕಳಿಸಿ, ಪಟ್ಟಿಯಲ್ಲಿ 1.35 ವೋಲ್ಟ್ ಅಂತ ಬರೆದಿಲ್ಲ ಅಂತ ತೋರಿಸಿದ ಮೇಲೆ ಒಪ್ಪಿದರು.

ಈಗ ಬಂದಿರುವುದು 1.2 ವೋಲ್ಟ್, ಸಿಎಲ್ 22, 1ಆರ್‌ಎಕ್ಸ್8. ಹಾಕಿ ಆನ್ ಮಾಡಿದಾಗ ಒಂದು ನಿಮಿಷದ ಹತ್ತಿರ ಪರದೆ ಕಪ್ಪು. ಫ್ಯಾನ್ ತಿರುಗುತ್ತಿದೆ, ಬೇರೇನೂ ಇಲ್ಲ. ಎದೆ ಡವಡವ ಅನ್ನುತ್ತಿತ್ತು. ಆಫ್ ಮಾಡಬೇಕು ಅಂತ ಬಟನ್ ಮೇಲೆ ಬೆರಳಿಟ್ಟಾಗ ಲೋಗೋ ಬಂತು. ಟಾಸ್ಕ್ ಮ್ಯಾನೇಜರ್‌ನಲ್ಲಿ 16 ಜಿಬಿ, 3200. ಸಿಪಿಯು-ಝಡ್‌ನಲ್ಲಿ 1596, ಡ್ಯುಯಲ್ ಚಾನೆಲ್. ರಾತ್ರಿ ಮೆಮ್‌ಟೆಸ್ಟ್ ಹಚ್ಚಿ ಮಲಗಿದೆ, ಬೆಳಿಗ್ಗೆ ಒಂದೂ ತಪ್ಪಿಲ್ಲ.

ವ್ಯತ್ಯಾಸ ಹೇಳಬೇಕು ಅಂದರೆ, ಬ್ರೌಸರ್, ಡಾಕ್ಯುಮೆಂಟ್, ವಿಡಿಯೋ ನೋಡುವುದು ಇದರಲ್ಲೆಲ್ಲ 2400ಕ್ಕೂ 3200ಕ್ಕೂ ನನಗೆ ಏನೂ ಗೊತ್ತಾಗಲಿಲ್ಲ. ತಮ್ಮ ಆಡುವ ಕಾರ್ ರೇಸ್ ಗೇಮ್‌ನಲ್ಲಿ ಗೊತ್ತಾಗುತ್ತದೆ. ಒಂದೇ ಸ್ಟಿಕ್ ಇದ್ದಾಗ ತಿರುವಿನಲ್ಲಿ ಚಿತ್ರ ತಡವರಿಸಿ ನಿಲ್ಲುತ್ತಿತ್ತು. ಎರಡನೆಯದು ಹಾಕಿದ ಕೂಡಲೇ, ಅದು 2400ರಲ್ಲೇ ಇದ್ದಾಗಲೂ, ಆ ತಡವರಿಕೆ ಬಹುತೇಕ ಹೋಯಿತು. ಅಂಕಿಲೆಕ್ಕ ಅವರ ಲೆಕ್ಕ ನಿಜ. 3200 ಆದ ಮೇಲೆ ಇನ್ನಷ್ಟು ನಯ ಆಗಿದೆ. ಆದರೆ ದೊಡ್ಡ ಜಿಗಿತ ಮೊದಲನೆಯದೇ.

ಕಪ್ಪು ಪರದೆ ಯಾಕೆ ಬಂತು ಅಂತ ಮಾತ್ರ ತಿಳಿಯಲಿಲ್ಲ.

ಸ್ಕ್ರೂಡ್ರೈವರ್

ಅದು ಮೆಮೊರಿ ಟ್ರೈನಿಂಗ್. ಹೊಸ ಸ್ಟಿಕ್ ಕಂಡಾಗ ಕಂಟ್ರೋಲರ್ ಪ್ರತಿ ತಂತಿಯಲ್ಲೂ ಸಿಗ್ನಲ್ ಎಷ್ಟು ತಡವಾಗಿ ಬರುತ್ತದೆ ಅಂತ ಅಳೆದು ಹೊಂದಿಸಿಕೊಳ್ಳುತ್ತದೆ. ಒಮ್ಮೆ ಹೊಂದಿಸಿದ್ದನ್ನು ಉಳಿಸಿಕೊಳ್ಳುತ್ತದೆ, ಹಾಗಾಗಿ ಮುಂದಿನ ಸಲ ಬೇಗ ಏಳುತ್ತದೆ. ಡಿಡಿಆರ್5ನಲ್ಲಿ ಇದು ಇನ್ನೂ ಜಾಸ್ತಿ ಹೊತ್ತು ಹಿಡಿಯಬಹುದು. ಆ ಹೊತ್ತಿನಲ್ಲಿ ಬಟನ್ ಒತ್ತಿ ಆಫ್ ಮಾಡದೆ ಕಾದಿದ್ದು ಒಳ್ಳೆಯದಾಯಿತು.

ಬೆಸುಗೆ

ಮೆಮ್‌ಟೆಸ್ಟ್ ಓಡಿಸಿದ್ದು ಓದಿ ತುಂಬಾ ಖುಷಿಯಾಯಿತು. ಕೆಳಗಿನ ಮುಚ್ಚಳದ ಸ್ಕ್ರೂಗಳೆಲ್ಲ ವಾಪಸ್ ಕೂತವಾ? ಹಿಂಜ್ ಹತ್ತಿರದವು ಬೇರೆಯವಕ್ಕಿಂತ ಉದ್ದ ಇರುತ್ತವೆ. ಅದಲು ಬದಲಾದರೆ ಕೀಬೋರ್ಡ್ ಕೆಳಗೆ ಒತ್ತುತ್ತವೆ.

ಹೊಸಚಿಗುರು

ಎಲ್ಲಾ ಕೂತವು. ಬಿಚ್ಚುವಾಗಲೇ ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಬರೆದು, ಯಾವ ತೂತಿನ ಸ್ಕ್ರೂ ಅಲ್ಲೇ ಟೇಪ್‌ನಲ್ಲಿ ಅಂಟಿಸಿಟ್ಟಿದ್ದೆ. ಹಿಂಜ್ ಹತ್ತಿರದ ಎರಡು ನಿಜಕ್ಕೂ ಉದ್ದ ಇದ್ದವು.